ಕಿಡ್ನಿ ತೊಂದರೆಗೆ ಹಾರ್ಟ್ ಟೆಸ್ಟ್ ಯಾಕೆ?

ಪ್ರಶ್ನೆ, ಗದಗದಿಂದ:
ನಮಸ್ಕಾರ ರೀ ಮೇಡಂ. ನಮ್ಮ ಅಪ್ಪಾರಿಗೆ 58 ವರ್ಷ, ಶುಗರ್ 14 ವರ್ಷದಿಂದ ಇದೆ. ಈಗ ಕಿಡ್ನಿ ತೊಂದರೆನೂ ಇದೆ. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಸ) 3.2, ರಕ್ತದ ಫಾಸ್ಫರಸ್ 6.1, ಬಿಪಿ 168/70. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಹೋದ ವಾರ ಕಾಲಿನ ಗಾಯಕ್ಕೆ ಎಕ್ಸ್‌ರೇ ತೆಗೆಸಿದೆವು. ಬೆರಳಿನ ಪಕ್ಕ ರೈಲು ಹಳಿ ಹಾಗೆ ಎರಡು ಬಿಳಿ ಗೆರೆ ಕಂಡವು. ರಕ್ತನಾಳಕ್ಕೆ ಕ್ಯಾಲ್ಸಿಯಂ ಕಟ್ಟಿದೆ ಅಂದರು, ಎಕೋ (ಹೃದಯದ ಸ್ಕ್ಯಾನ್) ಬರೆದುಕೊಟ್ಟರು. ಅಪ್ಪಾರಿಗೆ ಎದೆನೋವೇ ಇಲ್ಲ. ಕಟ್ಟಿದ್ದನ್ನ ಸ್ಟೆಂಟ್ ಹಾಕಿ ತೆಗೆಯಬಹುದಾ? ಮೊಣಕಾಲು ನೋವಿಗೆ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ, ನೋವಿನ ಗುಳಿಗೆ ತಂದು ನುಂಗುತ್ತಾರೆ.

ಉತ್ತರ, ಕಿಡ್ನಿ ತಜ್ಞೆ, ಹುಬ್ಬಳ್ಳಿ:
ಎಕೋ ತಪ್ಪದೇ ಮಾಡಿಸಿ. ಕಿಡ್ನಿ ಕಾಯಿಲೆ ಇರುವ ಎಷ್ಟೋ ಜನ ಡಯಾಲಿಸಿಸ್ ತನಕ ಬರುವುದೇ ಇಲ್ಲ, ಅದಕ್ಕೂ ಮೊದಲು ಹೃದಯ ಕೈಕೊಡುತ್ತದೆ.

ಸೋತ ಕಿಡ್ನಿ ಫಾಸ್ಫರಸ್ ಸರಿಯಾಗಿ ಹೊರಹಾಕುವುದಿಲ್ಲ. ಅದು ರಕ್ತದಲ್ಲಿ ಜಾಸ್ತಿಯಾದಾಗ ನಾಳದ ಗೋಡೆಯ ಸ್ನಾಯುಕಣಗಳು ಮೂಳೆಯ ಕಣಗಳ ಹಾಗೆ ವರ್ತಿಸತೊಡಗುತ್ತವೆ, ಕ್ಯಾಲ್ಸಿಯಂ ಹಿಡಿದಿಡುತ್ತವೆ. ಶುಗರ್ ಇದ್ದರೆ ಇನ್ನೂ ಬೇಗ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯೊಳಗೆ ಬಿಳಿ ಪದರ ಕೂರುತ್ತದಲ್ವಾ, ಇದು ಹಾಗಲ್ಲ. ಇಲ್ಲಿ ಗೋಡೆಯೇ ಗಟ್ಟಿಯಾಗಿದೆ. ಹಾಗಾಗಿ ಸ್ಟೆಂಟ್‌ನಿಂದ ಹೋಗುವುದಿಲ್ಲ, ಕರಗಿಸುವ ಔಷಧವೂ ಇಲ್ಲ. ಹೆಚ್ಚಾಗುವುದನ್ನು ನಿಧಾನ ಮಾಡಬಹುದು.

ಬಿಪಿಯನ್ನೇ ನೋಡಿ. ಮೇಲಿನದು 168, ಕೆಳಗಿನದು ಬರೀ 70. ಮೆತ್ತಗಿನ ನಾಳ ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತದೆ. ಗಟ್ಟಿ ನಾಳ ಹಿಗ್ಗುವುದಿಲ್ಲ, ಅದಕ್ಕೇ ಈ ಅಂತರ. ಹೃದಯ ದಿನವಿಡೀ ಅದರ ಎದುರು ತಳ್ಳಿ ತಳ್ಳಿ ದಪ್ಪವಾಗುತ್ತದೆ. ಎಕೋದಲ್ಲಿ ಅದು ಕಾಣುತ್ತದೆ. ಎದೆನೋವಿಲ್ಲ ಅಂತ ನಿಶ್ಚಿಂತೆ ಬೇಡ. ಹಳೆ ಶುಗರ್‌ನಲ್ಲಿ ನೋವು ಗೊತ್ತಾಗದೆಯೂ ಹಾರ್ಟ್ ಅಟ್ಯಾಕ್ ಆಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು, ಇಂಥದ್ದು ಕಂಡರೆ ಕಾಯಬೇಡಿ.

ಅಂಗಡಿಯ ಆ ಎರಡೂ ಗುಳಿಗೆ ಇವತ್ತೇ ನಿಲ್ಲಿಸಿ. ನೋವಿನ ಗುಳಿಗೆ ಉಳಿದ ಕಿಡ್ನಿಯನ್ನೂ ಕೆಡಿಸುತ್ತದೆ. ಕ್ಯಾಲ್ಸಿಯಂ ಬೇಕೋ ಬೇಡವೋ ನಿಮ್ಮ ಡಾಕ್ಟರ್ ಹೇಳಲಿ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ. ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದಲ್ಲೇ. 'ಕಡಿಮೆ ಸೋಡಿಯಂ' ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಇವರಿಗೆ ಅಪಾಯ. ಕೋಲಾ, ಪ್ಯಾಕೆಟ್ ತಿಂಡಿ ಬಿಡಿಸಿ. ಅವಕ್ಕೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬೇಳೆಯದ್ದು ಅಷ್ಟು ಸೇರುವುದಿಲ್ಲ, ಸುಮ್ನೆ ಬೇಳೆ ಬಿಡಿಸಿ ಸೊರಗಿಸಬೇಡಿ.

ಹಾವೇರಿಯ ಸದಸ್ಯೆ:
ಮೇಡಂ, ನಮ್ಮ ಅತ್ತೆಯವರಿಗೆ ಡಯಾಲಿಸಿಸ್ ಶುರುವಾಗಿದೆ. ಕೊಲೆಸ್ಟ್ರಾಲ್ ಗುಳಿಗೆ ನಿಲ್ಲಿಸಬೇಕಾ?

ಉತ್ತರ:
ಮೊದಲಿಂದ ತಗೊಳ್ಳುತ್ತಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತೇವೆ ಅಕ್ಕಾ. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಹಚ್ಚುವುದರಿಂದ ಅಷ್ಟು ಲಾಭವಿಲ್ಲ. ಅತ್ತೆಯವರ ತೂಕ ದಿನಾ ಬೆಳಿಗ್ಗೆ ಬರೆದಿಡಿ. ಎರಡು ಡಯಾಲಿಸಿಸ್ ನಡುವೆ ಏರುವ ತೂಕ ಬಹುತೇಕ ನೀರೇ, ಆ ಭಾರ ಹೃದಯದ ಮೇಲೆ ಬೀಳುತ್ತದೆ.

ಗದಗದಿಂದ ಮತ್ತೆ:
ಮೇಡಂ, ಫಾಸ್ಫರಸ್‌ಗೆ ಸೆವೆಲಾಮರ್ ಬರೆದಿದ್ದಾರೆ. ಅಪ್ಪಾರು ಎಲ್ಲಾ ಗುಳಿಗೆ ಸೇರಿಸಿ ರಾತ್ರಿ ಮಲಗುವಾಗ ನುಂಗುತ್ತಿದ್ದಾರೆ.

ಉತ್ತರ:
ಅಯ್ಯೋ, ಅದು ವ್ಯರ್ಥ. ಊಟದಲ್ಲಿನ ಫಾಸ್ಫರಸ್ ಅನ್ನು ಕರುಳಿನಲ್ಲೇ ಹಿಡಿಯುವ ಗುಳಿಗೆ ಅದು. ಖಾಲಿ ಹೊಟ್ಟೆಯಲ್ಲಿ ಏನನ್ನು ಹಿಡಿಯಬೇಕು? ರೊಟ್ಟಿ ತಟ್ಟೆಯ ಪಕ್ಕದಲ್ಲೇ ಇಡಿ, ಊಟದ ಜೊತೆಗೇ ನುಂಗಲಿ. ಮುಂದಿನ ರಕ್ತಪರೀಕ್ಷೆಯ ವರದಿ ಬಂದ ಮೇಲೆ ಇಲ್ಲೇ ಹಾಕಿ, ನೋಡುತ್ತೇನೆ.