ಭಾನುವಾರದ ಸೈಕಲ್ ಸುತ್ತು: ಈ ಸಲ ನಿಲ್ಲಬಾರದು

ಪಾರ್ಕ್ ಎದುರು ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮೈಸೂರಿನ ರಾಮಕೃಷ್ಣನಗರದಲ್ಲಿ ಎಷ್ಟೋ ಮನೆಗಳ ಮೆಟ್ಟಿಲ ಕೆಳಗೆ ಸೈಕಲ್‌ಗಳು ಗಾಳಿ ಇಲ್ಲದೆ ಸುಮ್ನೆ ನಿಂತಿವೆ. ಬೆಳಗಿನ ಹೊತ್ತು ಒಬ್ಬರೇ ಹೊರಟರೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಮಕ್ಕಳನ್ನಂತೂ ಕಳಿಸೋಕೇ ಭಯ. ಒಟ್ಟಿಗೆ ಹೋದರೆ ಧೈರ್ಯ ಇರುತ್ತೆ. ಭಾನುವಾರ 6.30ಕ್ಕೆ ಪಾರ್ಕ್ ಗೇಟಿನ ಹತ್ತಿರ ಸೇರೋಣ. ಲಿಂಗಾಂಬುಧಿ ಕೆರೆ ಕಡೆ ಒಂದು ಸುತ್ತು, ಆಮೇಲೆ ತಿಂಡಿ.

ಎರಡನೇ ಕ್ರಾಸ್ ಮೂಲೆ ಮನೆ:
ಹಿಂದೆಯೂ ಮಾಡಿದ್ದೆವಲ್ಲ ಸಾರ್. ಗೇರ್ ಸೈಕಲ್‌ನವರು ಮುಂದೆ ಹೊರಟೇಬಿಟ್ಟರು. ನನ್ನ ಮಗಳು ರಿಂಗ್ ರೋಡಿನ ಹತ್ತಿರ ಒಬ್ಬಳೇ ಉಳಿದಳು. ಮುಂದಿನ ವಾರ ಎಷ್ಟು ಕರೆದರೂ ಬರಲ್ಲ ಅಂದಳು.

ಪಾರ್ಕ್ ಎದುರು ಮನೆ:
ಗುಂಪು ಕರಗಿದ್ದೇ ಅದರಿಂದ ಅಲ್ವಾ ಮೇಡಂ. ಈ ಸಲ ಎಲ್ಲರಿಗಿಂತ ನಿಧಾನ ಹೋಗುವವರದ್ದೇ ಎಲ್ಲರ ವೇಗ. ಕೊನೆಯವರ ಹಿಂದೆ ಒಬ್ಬರು ಇದ್ದೇ ಇರುತ್ತಾರೆ. ಪಂಪು, ಟ್ಯೂಬು, ಪಂಕ್ಚರ್ ಸಾಮಾನು ಅವರ ಬ್ಯಾಗಲ್ಲಿ. ತಿರುವು ಬಂದಾಗೆಲ್ಲ ಮುಂದಿನವರು ನಿಂತು ಕಾಯಬೇಕು. ಹಿಂದಿನವರು ಬಂದು ಸೇರಿದ ತಕ್ಷಣ ಹೊರಟುಬಿಡಬೇಡಿ, ದಯವಿಟ್ಟು. ಕಾದವರಿಗೆ ವಿಶ್ರಾಂತಿ ಸಿಕ್ಕಿರುತ್ತೆ. ಏದುಸಿರು ಬಿಡುತ್ತಾ ಬಂದವರಿಗೂ ನೀರು ಕುಡಿಯೋಕೆ ಎರಡು ನಿಮಿಷ ಬೇಕು. ರಿಂಗ್ ರೋಡ್ ಬೇಡವೇ ಬೇಡ, ಲಾರಿಗಳು ಜಾಸ್ತಿ.

ಟ್ಯಾಂಕ್ ರಸ್ತೆ ಮನೆ:
ನಮ್ಮ ಹುಡುಗರಿಗೆ ಚಾಮುಂಡಿ ಬೆಟ್ಟ ಹತ್ತೋ ಆಸೆ.

ಪಾರ್ಕ್ ಎದುರು ಮನೆ:
ಶನಿವಾರ ಹತ್ತಲಿ, ಖುಷಿಯಿಂದ ನಾನೂ ಬರುತ್ತೇನೆ. ಭಾನುವಾರದ್ದು ಎಲ್ಲರದ್ದಾಗಿಯೇ ಇರಲಿ.

ಮೊದಲನೇ ಮೇನ್ ಮನೆ:
ನನಗೆ ಅರವತ್ತು ದಾಟಿದೆ. 2017ರಲ್ಲಿ ಊರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ ಆ ಸೈಕಲ್ ತಗೊಂಡೇ ಮತ್ತೆ ತುಳಿಯೋ ಅಭ್ಯಾಸ ಆಗಿದ್ದು. ನನ್ನದಕ್ಕೆ ಗೇರ್ ಇಲ್ಲ. ಬರಬಹುದಾ?

ಪಾರ್ಕ್ ಎದುರು ಮನೆ:
ಖಂಡಿತ ಬನ್ನಿ ಅಂಕಲ್. ನೀವು ಬಂದರೆ ಮಕ್ಕಳೂ ಧೈರ್ಯವಾಗಿ ಬರುತ್ತಾರೆ.

ಎರಡನೇ ಕ್ರಾಸ್ ಮೂಲೆ ಮನೆ:
ಹಾಗಾದರೆ ನಾವೂ ಬರುತ್ತೇವೆ. ಕೊನೆಯವರ ಹಿಂದೆ ನಾನೇ ಇರುತ್ತೇನೆ. ಆದರೆ ನೀವು ಊರಲ್ಲಿ ಇಲ್ಲದ ವಾರ?

ಪಾರ್ಕ್ ಎದುರು ಮನೆ:
ಅದಕ್ಕೇ ಇನ್ನೂ ಇಬ್ಬರು ಜವಾಬ್ದಾರಿ ತಗೊಳ್ಳಬೇಕು. ಒಬ್ಬರ ಮೇಲೇ ನಿಂತರೆ ಅವರಿಗೆ ಜ್ವರ ಬಂದ ದಿನ ಎಲ್ಲಾ ನಿಂತಹಾಗೆ. ಇನ್ನೊಂದು ಮಾತು. ಪ್ರತಿ ಶನಿವಾರ 'ಯಾರ್ಯಾರು ಬರ್ತೀರಾ' ಅಂತ ಇಲ್ಲಿ ಕೇಳೋದು ಬೇಡ. ಕೇಳಿದರೆ ಎಲ್ಲರೂ ಇನ್ನೊಬ್ಬರ ಉತ್ತರ ಕಾಯುತ್ತಾ ಕೂರುತ್ತಾರೆ. ಅದೇ ಗೇಟು, ಅದೇ ಹೊತ್ತು. ಇಬ್ಬರೇ ಬಂದರೂ ಹೊರಡೋಣ. ಜೋರು ಮಳೆ ಇದ್ದರೆ ಮಾತ್ರ 6 ಗಂಟೆಗೆ ತಿಳಿಸುತ್ತೇನೆ.

ಟ್ಯಾಂಕ್ ರಸ್ತೆ ಮನೆ:
ಇಬ್ಬರಲ್ಲಿ ಒಬ್ಬ ನಾನು. ನಮ್ಮ ಹಳೇ ಸೈಕಲ್‌ನ ಬ್ರೇಕ್ ಮಾತ್ರ ನಂಬೋ ಹಾಗಿಲ್ಲ.

ಪಾರ್ಕ್ ಎದುರು ಮನೆ:
ಶನಿವಾರ ಸಂಜೆ ಗೇಟಿನ ಹತ್ತಿರ ತನ್ನಿ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಒತ್ತಿ ನೋಡೋಣ. ರಬ್ಬರ್ ಸವೆದು ಗಟ್ಟಿಯಾಗಿದ್ದರೆ ಅಲ್ಲೇ ಬದಲಾಯಿಸೋಣ. ಪಂಪು ನಾನು ತರುತ್ತೇನೆ.

ಮೊದಲನೇ ಮೇನ್ ಮನೆ:
ಚೈನಿನ ಎಣ್ಣೆ ನನ್ನ ಕಡೆಯಿಂದ. ಯಾರೂ ಅಡುಗೆ ಎಣ್ಣೆ ಹಾಕಬೇಡಿ, ಧೂಳು ಮೆತ್ತಿಕೊಳ್ಳುತ್ತೆ.