ಮೂಲೆ ಸೇರಿದ ಅಡುಗೆಮನೆಯ ಸಣ್ಣ ಯಂತ್ರಗಳನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಪ್ರಶ್ನೆ

ನಮ್ಮ ಅಡುಗೆಮನೆಯಲ್ಲಿ ಕರೆಂಟಿನಿಂದ ನಡೆಯುವ ಏಳು ಸಣ್ಣ ಯಂತ್ರಗಳಿವೆ. ಮಿಕ್ಸಿ ಮತ್ತು ಕೆಟಲ್ ಪ್ರತಿದಿನವೂ ಕೈಗೆ ಬರುತ್ತವೆ. ರೈಸ್ ಕುಕ್ಕರಿನಲ್ಲಿ ಅನ್ನವನ್ನು ಬಿಟ್ಟು ಬೇರೇನನ್ನೂ ಮಾಡಿದ್ದಿಲ್ಲ. ಮೈಕ್ರೋವೇವ್ ಇರುವುದೇ ಉಳಿದ ಅಡುಗೆಯನ್ನು ಬಿಸಿ ಮಾಡುವುದಕ್ಕೆ ಎಂಬಂತಾಗಿದೆ. ಏರ್ ಫ್ರೈಯರ್, ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಮತ್ತು ಹ್ಯಾಂಡ್ ಬ್ಲೆಂಡರ್ ಮೂರೂ ತಮ್ಮ ತಮ್ಮ ಡಬ್ಬಿಗಳನ್ನು ಸೇರಿ ವರ್ಷ ದಾಟಿದೆ. ಕೊಳ್ಳುವಾಗ ಪ್ರತಿಯೊಂದೂ ಅಗತ್ಯವೆಂದೇ ಅನಿಸಿತ್ತು, ಜೊತೆಗೆ ಬಂದ ಪುಸ್ತಿಕೆಯಲ್ಲಿದ್ದ ಒಂದೆರಡು ಅಡುಗೆಗಳನ್ನು ಶ್ರದ್ಧೆಯಿಂದ ಮಾಡಿಯೂ ನೋಡಿದ್ದೆ. ಆಮೇಲೆ ಏಕೋ ಮನಸ್ಸು ಅತ್ತ ಹೋಗಲಿಲ್ಲ.

ಹೊಸ ಹೊಸ ಅಡುಗೆಗಳ ಪಟ್ಟಿ ನನಗೆ ಬೇಡ, ಅದು ಎಲ್ಲೆಡೆ ಸಿಗುತ್ತದೆ. ದಿನವೂ ಮಾಡುವ ಸಾಮಾನ್ಯ ಅಡುಗೆಯಲ್ಲಿಯೇ ಈ ಯಂತ್ರಗಳು ನಿಜವಾಗಿ ಶ್ರಮವನ್ನು ಕಡಿಮೆ ಮಾಡುವಂತೆ ಬಳಸುವುದು ಹೇಗೆ, ಮತ್ತು ಯಾವುದನ್ನು ಇಟ್ಟುಕೊಂಡು ಯಾವುದನ್ನು ಬೇರೆಯವರಿಗೆ ಕೊಡಬೇಕೆಂದು ತೀರ್ಮಾನಿಸುವುದು ಹೇಗೆ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ತೊಂದರೆಯ ಬೇರು ಯಂತ್ರಗಳ ಹೆಸರಿನಲ್ಲಿದೆ ಎಂದು ನನಗೆ ತೋರುತ್ತದೆ. ರೈಸ್ ಕುಕ್ಕರ್ ಎಂದು ಕರೆದ ಮಾತ್ರಕ್ಕೆ ಅದು ಅಕ್ಕಿಗೆ ಮೀಸಲು ಎಂದು ನಾವು ಒಪ್ಪಿಕೊಂಡುಬಿಡುತ್ತೇವೆ. ಹೆಸರನ್ನು ಬದಿಗಿಟ್ಟು, ಈ ಯಂತ್ರ ಮಾಡುವ ಕೆಲಸವೇನು, ಬಿಸಿಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ, ಯಾವಾಗ ತಾನಾಗಿಯೇ ನಿಲ್ಲುತ್ತದೆ ಎಂದು ಕೇಳಿಕೊಂಡರೆ ಉಪಯೋಗಗಳು ಒಂದೊಂದಾಗಿ ಹೊಳೆಯುತ್ತವೆ.

ರೈಸ್ ಕುಕ್ಕರನ್ನೇ ತೆಗೆದುಕೊಳ್ಳಿ. ಸ್ವಯಂಚಾಲಿತ ರೈಸ್ ಕುಕ್ಕರನ್ನು ಜಪಾನಿನ ತೋಷಿಬಾ ಸಂಸ್ಥೆ 1955ರಲ್ಲಿ ಮಾರುಕಟ್ಟೆಗೆ ತಂದಾಗ ಅದರಲ್ಲಿ ಎರಡು ಪಾತ್ರೆಗಳಿದ್ದವು. ಹೊರಗಿನ ಪಾತ್ರೆಯ ನೀರು ಪೂರ್ತಿ ಆವಿಯಾಗಿ ಬಿಸಿ ಏರಿದೊಡನೆ ಸ್ವಿಚ್ ಆರುತ್ತಿತ್ತು. ಈಗಿನ ಸರಳ ಕುಕ್ಕರುಗಳಲ್ಲಿ ಹೊರ ಪಾತ್ರೆಯಿಲ್ಲ, ಆದರೆ ತತ್ತ್ವ ಅದೇ. ಪಾತ್ರೆಯಲ್ಲಿ ನೀರು ಇರುವವರೆಗೆ ತಳದ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರುತ್ತದೆ. ಕಾಳು ನೀರನ್ನೆಲ್ಲ ಹೀರಿಕೊಂಡ ಮೇಲೆ ಬಿಸಿ ಅದಕ್ಕಿಂತ ಕೆಲವು ಡಿಗ್ರಿ ಮೇಲೇರುತ್ತದೆ, ತಳದಲ್ಲಿರುವ ಅಯಸ್ಕಾಂತ ಹಿಡಿತ ಕಳೆದುಕೊಳ್ಳುತ್ತದೆ, ಟಕ್ ಎಂದು ಗುಂಡಿ ಮೇಲೆ ಬರುತ್ತದೆ. ಅಂದರೆ ನಿಮ್ಮ ಬಳಿ ಇರುವುದು ನೀರು ಇಂಗುವವರೆಗೆ ಬೇಯಿಸಿ ತಾನೇ ನಿಲ್ಲುವ ಪಾತ್ರೆ. ಬಾರ್ಲಿ, ಗೋಧಿ ನುಚ್ಚು, ಸಿರಿಧಾನ್ಯ, ಓಟ್ಸ್, ನೆನೆಸಿದ ಬೇಳೆ ಎಲ್ಲವೂ ಇದೇ ಕ್ರಮಕ್ಕೆ ಒಗ್ಗುತ್ತವೆ. ಪ್ರತಿಯೊಂದಕ್ಕೂ ನೀರಿನ ಅಳತೆಯನ್ನು ಎರಡು ಮೂರು ಸಲ ನೋಡಿ ಮುಚ್ಚಳದ ಒಳಬದಿಯಲ್ಲಿಯೋ ಡಬ್ಬಿಯ ಮೇಲೆಯೋ ಬರೆದಿಟ್ಟುಕೊಂಡರೆ ಸಾಕು. ಕೆಳಗೆ ಧಾನ್ಯ ಬೇಯುತ್ತಿರುವಾಗ ಮೇಲಿನ ತಟ್ಟೆಯಲ್ಲಿ ತರಕಾರಿಯನ್ನು ಹಬೆಯಲ್ಲಿ ಬೇಯಿಸಬಹುದು. ಗಡ್ಡೆಗಳನ್ನು ಮೊದಲೇ ಇಡಿ. ಸೊಪ್ಪು ಮತ್ತು ಎಳೆಯ ಕಾಯಿಗಳನ್ನು ಕೊನೆಯ ಏಳೆಂಟು ನಿಮಿಷಗಳಲ್ಲಿ ಸೇರಿಸಿ.

ಒಂದು ಸಣ್ಣ ವಿಷಯವನ್ನು ಇಲ್ಲಿಯೇ ಹೇಳಬೇಕು. ಒಳಪಾತ್ರೆಯನ್ನು ಇಡುವ ಮೊದಲು ಅದರ ಹೊರತಳವನ್ನು ಬಟ್ಟೆಯಿಂದ ಒರೆಸಿ, ಬಿಸಿ ತಟ್ಟೆಯ ಮೇಲೆ ಬೆರಳಾಡಿಸಿ ನೋಡಿ. ಅಲ್ಲಿ ಒಣಗಿ ಅಂಟಿದ ಒಂದು ಅಗುಳು ಇದ್ದರೂ ಪಾತ್ರೆ ಸಮನಾಗಿ ಕೂರುವುದಿಲ್ಲ, ಒಂದು ಬದಿ ಹಸಿಯಾಗಿಯೂ ಇನ್ನೊಂದು ಬದಿ ತಳಹಿಡಿದೂ ಇರುತ್ತದೆ. ಕುಕ್ಕರ್ ಕೆಟ್ಟಿದೆ ಎಂದುಕೊಂಡು ನಾನು ಬಹಳ ದಿನ ಅದನ್ನು ಬಳಸದೆ ಬಿಟ್ಟಿದ್ದಕ್ಕೆ ಕಾರಣವಾಗಿದ್ದದ್ದು ಅಂತಹ ಒಂದೇ ಒಂದು ಅಗುಳು.

ಇನ್ನು ಮೈಕ್ರೋವೇವ್. ಇದನ್ನು ಬಿಸಿ ಮಾಡುವುದಕ್ಕೆ ಮಾತ್ರ ಬಳಸುವವರು ಬಹುಪಾಲು ಪವರ್ ಗುಂಡಿಯನ್ನು ಮುಟ್ಟಿರುವುದಿಲ್ಲ. ಸಾಮಾನ್ಯ ಯಂತ್ರದಲ್ಲಿ 50 ಶೇಕಡಾ ಎಂದು ಇಟ್ಟರೆ ಅಲೆಗಳ ಬಲ ಅರ್ಧವಾಗುವುದಿಲ್ಲ, ಪೂರ್ಣ ಬಲದಲ್ಲಿಯೇ ಅರ್ಧ ಹೊತ್ತು ನಡೆದು ಅರ್ಧ ಹೊತ್ತು ಸುಮ್ಮನಿರುತ್ತದೆ. ಕಿವಿಗೊಟ್ಟರೆ ಗುಂಯ್ ಎಂಬ ಸದ್ದು ಏರುವುದೂ ಇಳಿಯುವುದೂ ತಿಳಿಯುತ್ತದೆ. ಒಳಗೆ ಇನ್ವರ್ಟರ್ ಎಂಬ ಬಲ ನಿಯಂತ್ರಿಸುವ ಭಾಗವಿರುವ ಮೈಕ್ರೋವೇವ್‌ಗಳ ಕ್ರಮ ಮಾತ್ರ ಬೇರೆ, ಅವು ಬಲವನ್ನೇ ತಗ್ಗಿಸುತ್ತವೆ. ಸಾಮಾನ್ಯ ಯಂತ್ರ ಸುಮ್ಮನಿರುವ ಬಿಡುವಿನಲ್ಲಿ ಬಿಸಿ ಆಹಾರದ ಹೊರಗಿನಿಂದ ಒಳಗೆ ಹರಿಯುತ್ತದೆ. ಬೆಣ್ಣೆ ಕರಗಿಸುವುದು, ಗಡ್ಡೆ ಕಟ್ಟಿದ್ದನ್ನು ಸಡಿಲಿಸುವುದು, ಗಟ್ಟಿಯಾದ ಅಡುಗೆಯನ್ನು ಒಣಗಿಸದೆ ಬಿಸಿ ಮಾಡುವುದು, ಇವೆಲ್ಲ ಅರ್ಧ ಪವರಿನ ಕೆಲಸಗಳು. ತರಕಾರಿಯನ್ನು ಒಂದೆರಡು ಚಮಚ ನೀರಿನೊಂದಿಗೆ ಮುಚ್ಚಿ ಬೇಯಿಸುವಾಗ ಹೋಳುಗಳನ್ನು ತಟ್ಟೆಯ ಅಂಚಿಗೆ ಬಳೆಯಂತೆ ಜೋಡಿಸಿ ನಡುವನ್ನು ಖಾಲಿ ಬಿಡಿ, ನಿಂತ ಮೇಲೆ ಎರಡು ನಿಮಿಷ ಹಾಗೆಯೇ ಇರಲಿ.

ನಿಮ್ಮ ಯಂತ್ರದ ನಿಜವಾದ ಬಲವನ್ನು ನೀವೇ ಅಳೆಯಬಹುದು. ತೆಳುವಾದ, ಮೈಕ್ರೋವೇವಿಗೆ ಒಗ್ಗುವ ಪಾತ್ರೆಯಲ್ಲಿ 1 ಲೀಟರ್ ತಣ್ಣೀರು ಹಾಕಿ ಥರ್ಮಾಮೀಟರಿನಿಂದ ಬಿಸಿಯನ್ನು ನೋಡಿ, ಪೂರ್ಣ ಪವರಿನಲ್ಲಿ ಸರಿಯಾಗಿ 1 ನಿಮಿಷ ನಡೆಸಿ, ನೀರನ್ನು ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿದೆಯೋ ಅದನ್ನು 70ರಿಂದ ಗುಣಿಸಿದರೆ ಹೆಚ್ಚು ಕಡಿಮೆ ವ್ಯಾಟ್ ಸಿಗುತ್ತದೆ, ಏಕೆಂದರೆ 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಹಿಂಬದಿಯ ಫಲಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆ ಯಂತ್ರ ಎಳೆದುಕೊಳ್ಳುವ ಕರೆಂಟಿಗೆ ಸಂಬಂಧಿಸಿದ್ದಿರಬಹುದು, ಆಹಾರಕ್ಕೆ ತಲುಪುವುದು ಅದಕ್ಕಿಂತ ಕಡಿಮೆ. ಪುಸ್ತಕದಲ್ಲಿ ಹೇಳಿದ ಸಮಯ ನಿಮ್ಮ ಮನೆಯಲ್ಲಿ ಏಕೆ ಸಾಲುವುದಿಲ್ಲ ಎಂಬುದು ಈ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಏರ್ ಫ್ರೈಯರ್ ಎಂಬುದು ಜೋರಾದ ಫ್ಯಾನ್ ಇರುವ ಪುಟ್ಟ ಒವನ್. ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿ, ನಡುವೆ ಒಮ್ಮೆ ಅಲುಗಾಡಿಸಿ. ಬೀಜಗಳನ್ನು 150 ಡಿಗ್ರಿಯಲ್ಲಿ ಹುರಿಯಲು, ಮೆತ್ತಗಾದ ತಿನಿಸನ್ನು ಮತ್ತೆ ಗರಿಗರಿ ಮಾಡಲು ಅದು ಚೆನ್ನಾಗಿದೆ. ಆದರೆ ಮನೆಯಲ್ಲಿ ಒವನ್ ಇದ್ದು ಉಣ್ಣುವವರು ಹೆಚ್ಚಿದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯೇ; ಆದರೆ ಎಷ್ಟೇ ಉಪಯೋಗ ತಿಳಿದಿದ್ದರೂ ಡಬ್ಬಿಯೊಳಗಿರುವ ಯಂತ್ರ ಬಳಕೆಗೆ ಬರುವುದಿಲ್ಲ. ಸ್ಟೂಲ್ ಹತ್ತಿ, ಡಬ್ಬಿ ಇಳಿಸಿ, ಥರ್ಮೋಕೋಲ್ ತೆಗೆದು, ಪ್ಲಗ್ಗಿಗೆ ಜಾಗ ಹುಡುಕುವಷ್ಟರಲ್ಲಿ ಒಲೆಯ ಮೇಲೆ ಅದೇ ಕೆಲಸ ಮುಗಿದಿರುತ್ತದೆ. ಡಬ್ಬಿಗಳನ್ನು ಮೊದಲು ಹೊರಗೆ ಹಾಕಿ. ಕಟ್ಟೆಯ ಮೇಲೆ ಪ್ಲಗ್ ಹಾಕಿದಂತೆಯೇ ಇರಬಹುದಾದ ಎರಡು ಯಂತ್ರಗಳನ್ನು ಆರಿಸಿ, ಉಳಿದವು ಸೊಂಟದ ಎತ್ತರದ ಕಪಾಟಿನಲ್ಲಿರಲಿ.

ಇನ್ನೊಂದು ಅಡ್ಡಿ ತೊಳೆಯುವುದು. ಹ್ಯಾಂಡ್ ಬ್ಲೆಂಡರನ್ನು ನಾನು ಮಿಕ್ಸಿಗಿಂತ ಹೆಚ್ಚು ಬಳಸಲು ಇರುವ ಕಾರಣ ಇಷ್ಟೇ: ಬೇಯಿಸಿದ ಪಾತ್ರೆಯಲ್ಲಿಯೇ ಇಳಿಸಿ ಅರೆಯಬಹುದು, ಕೆಲಸ ಮುಗಿದೊಡನೆ ಒಂದು ಲೋಟ ಬಿಸಿನೀರಿನಲ್ಲಿ ಹತ್ತು ಸೆಕೆಂಡು ನಡೆಸಿದರೆ ಅಲಗು ತಾನೇ ತೊಳೆದುಕೊಳ್ಳುತ್ತದೆ. ಆದರೆ ಅಲಗಿನ ಸುತ್ತ ಸಿಕ್ಕಿಕೊಂಡದ್ದನ್ನು ಬೆರಳಿನಿಂದ ತೆಗೆಯುವ ಮೊದಲು ಪ್ಲಗ್ ಕಿತ್ತಿರಬೇಕು.

ಕೆಟಲನ್ನು ಚಹಾ ನೀರಿಗೆ ಮಾತ್ರ ಇಟ್ಟುಕೊಳ್ಳಬೇಡಿ. 1500 ವ್ಯಾಟಿನ ಕೆಟಲ್ 1 ಲೀಟರ್ ನೀರನ್ನು ಸುಮಾರು ನಾಲ್ಕು ನಿಮಿಷಗಳಲ್ಲಿ ಕುದಿಸುತ್ತದೆ, ಏಕೆಂದರೆ ಬಿಸಿಯ ಬಹುಪಾಲು ತಳದಿಂದ ನೇರವಾಗಿ ನೀರಿಗೆ ಹೋಗುತ್ತದೆ. ಒಲೆಯ ಉರಿಯಲ್ಲಿ ಸಾಕಷ್ಟು ಬಿಸಿ ಪಾತ್ರೆಯ ಬದಿಯಿಂದ ಹಾದು ಗಾಳಿಗೆ ಸೇರುತ್ತದೆ. ಬೇಳೆಗೂ ತರಕಾರಿಗೂ ಬೇಕಾದ ನೀರನ್ನು ಕೆಟಲಿನಲ್ಲಿ ಕುದಿಸಿ ಪಾತ್ರೆಗೆ ಸುರಿದುಕೊಂಡರೆ ಒಲೆಯ ಸಮಯ ಕಡಿಮೆಯಾಗುತ್ತದೆ. ಹಾಲನ್ನು ಮಾತ್ರ ಅದರಲ್ಲಿ ಕಾಯಿಸಬೇಡಿ, ತಳಕ್ಕೆ ಸೀದು ಹಿಡಿಯುತ್ತದೆ. ಒಳಗೆ ಕಟ್ಟುವ ಬಿಳಿ ಪದರ ಗಡಸು ನೀರಿನ ಸುಣ್ಣ. 1 ಲೀಟರ್ ನೀರಿಗೆ ಎರಡು ಚಮಚ ನಿಂಬೆಹುಳಿಯ ಪುಡಿ (ಸಿಟ್ರಿಕ್ ಆಸಿಡ್) ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ, ಒಮ್ಮೆ ಬರಿಯ ನೀರು ಕುದಿಸಿ ಚೆಲ್ಲಿದರೆ ಹೋಗುತ್ತದೆ.

ಉತ್ತರ 3

ನಾನು ಮಿಕ್ಸಿ ಮತ್ತು ಇತರ ಮನೆ ಯಂತ್ರಗಳ ದುರಸ್ತಿ ಮಾಡುವವನು. ಹೆಚ್ಚು ಬಳಸಿ ಎಂದು ಎಲ್ಲರೂ ಹೇಳುತ್ತಿರುವುದರಿಂದ, ಹೆಚ್ಚು ಬಳಸುವಾಗ ಮಿಕ್ಸಿ ಏಕೆ ಸುಡುತ್ತದೆ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ಮಿಕ್ಸಿಯ ಮೋಟಾರನ್ನು ತಣ್ಣಗಿಡುವ ಫ್ಯಾನ್ ಅದೇ ಮೋಟಾರಿನ ಅಚ್ಚಿಗೆ ಜೋಡಿಸಿರುತ್ತದೆ. ಜಾರ್ ತುಂಬಾ ಗಟ್ಟಿಯಾದ ಪದಾರ್ಥ ತುಂಬಿ ಓಡಿಸಿದಾಗ ಮೋಟಾರ್ ನಿಧಾನವಾಗುತ್ತದೆ, ಎಳೆಯುವ ಕರೆಂಟ್ ಹೆಚ್ಚುತ್ತದೆ, ಅದೇ ಹೊತ್ತಿಗೆ ಫ್ಯಾನೂ ನಿಧಾನವಾಗುತ್ತದೆ. ಬಿಸಿ ಹೆಚ್ಚಿದಾಗಲೇ ಗಾಳಿ ಕಡಿಮೆ. ಆದ್ದರಿಂದ ಜಾರನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ ಮಾತ್ರ ತುಂಬಿ, ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, ಬದಿಗಳನ್ನು ಕೆರೆದು ಮತ್ತೆ ಓಡಿಸಿ. ಅಲಗು ತಿರುಗುತ್ತಿದ್ದರೂ ಪದಾರ್ಥ ಅಲುಗದೆ, ಸದ್ದು ಒಮ್ಮೆಲೇ ತೆಳ್ಳಗಾದರೆ ಅಲಗಿನ ಸುತ್ತ ಗಾಳಿಯ ಗುಳಿ ಬಿದ್ದಿದೆ ಎಂದರ್ಥ. ವೇಗ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಎರಡು ಚಮಚ ನೀರು ಹಾಕಬೇಕು. ಯಂತ್ರ ತಾನಾಗಿ ನಿಂತುಹೋದರೆ ತಳದಲ್ಲಿರುವ ಸಣ್ಣ ಓವರ್‌ಲೋಡ್ ಗುಂಡಿಯನ್ನು ಕೂಡಲೇ ಒತ್ತಬೇಡಿ. ಪ್ಲಗ್ ಕಿತ್ತು, ಜಾರಿನ ಭಾರ ಇಳಿಸಿ, ಕಾಲು ಗಂಟೆಯಾದರೂ ಆರಲು ಬಿಡಿ.

ಹುರಿದದ್ದನ್ನು ಪುಡಿ ಮಾಡುವ ಮೊದಲು ಪೂರ್ತಿ ಆರಿಸಿ, ಇಲ್ಲವಾದರೆ ಒಳಗಿನ ಹಬೆ ಪುಡಿಯನ್ನು ಮುದ್ದೆಗಟ್ಟಿಸುತ್ತದೆ. ಬಿಸಿ ದ್ರವವನ್ನು ಜಾರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬಾರದು. ಹಬೆ ಮುಚ್ಚಳವನ್ನು ಎತ್ತಿ ಹಾರಿಸಿ ಕೈ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಜಾರಿನ ತಳದಿಂದ ಕಪ್ಪು ಜಿಡ್ಡು ಒಸರುತ್ತಿದ್ದರೆ ಅಲಗಿನ ಬುಷ್, ಅಂದರೆ ಅಲಗಿನ ಕಂಬಿಯನ್ನು ಹಿಡಿದಿಡುವ ಬಳೆ, ಸವೆದಿದೆ, ಅಂತಹ ಜಾರಿನಲ್ಲಿ ಆಹಾರ ಅರೆಯಬೇಡಿ. ಬುಷ್, ವಾಷರ್, ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರ್ ಮೂರೂ ಬದಲಾಯಿಸಬಹುದಾದ ಭಾಗಗಳು. ಅಷ್ಟಕ್ಕೇ ಮಿಕ್ಸಿಯನ್ನು ಎಸೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಉತ್ತರ 4

ಸ್ಲೋ ಕುಕ್ಕರ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಗಟ್ಟಿಯಾದ ಗಡ್ಡೆ, ಬೇಳೆ, ಮಾಂಸಗಳಿಗೆ ಅದು ಒಳ್ಳೆಯ ಯಂತ್ರ. ಆದರೆ ಹಸಿ ರಾಜ್ಮಾ ಕಾಳನ್ನು ಅದರಲ್ಲಿ ನೇರವಾಗಿ ಹಾಕಬಾರದು. ಆ ಕಾಳಿನಲ್ಲಿ, ವಿಶೇಷವಾಗಿ ಕೆಂಪು ಬಗೆಯಲ್ಲಿ, ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇರುತ್ತದೆ. ಕಾಳು ಮೆತ್ತಗಾಗಿದ್ದರೂ ಕುದಿಯುವ ಬಿಸಿ ತಲುಪದಿದ್ದರೆ ಅದು ನಾಶವಾಗುವುದಿಲ್ಲ, 80 ಡಿಗ್ರಿಯಲ್ಲಿ ಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ತೊಂದರೆ ಕೊಡಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿದ ಮೇಲೆ ಸ್ಲೋ ಕುಕ್ಕರಿಗೆ ಹಾಕಿ.

ರೈಸ್ ಕುಕ್ಕರಿನ ವಾರ್ಮ್ ಸ್ಥಿತಿಗೂ ಇದೇ ಎಚ್ಚರ ಬೇಕು. ಅನ್ನದಲ್ಲಿ ಉಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಮೇಲಿದ್ದರೆ ಅವು ಬೆಳೆಯಲಾರವು, ಆದರೆ ಪ್ಲಗ್ ಕಿತ್ತು ಮುಚ್ಚಿಟ್ಟ ಕುಕ್ಕರಿನಲ್ಲಿ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಅಲ್ಲಿ ಹುಟ್ಟಿದ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಉಳಿದದ್ದನ್ನು ಅಗಲವಾದ ತಟ್ಟೆಗೆ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಡಬ್ಬಿಗಳನ್ನು ಅದೇ ದಿನ ಹೊರಗೆ ಹಾಕಿದೆ. ರೈಸ್ ಕುಕ್ಕರ್ ಈಗ ಕಟ್ಟೆಯ ಮೇಲೆ ಮಿಕ್ಸಿಯ ಪಕ್ಕದಲ್ಲಿದೆ, ಮೂರು ಬಗೆಯ ಧಾನ್ಯಗಳಿಗೆ ನೀರಿನ ಅಳತೆ ಗೊತ್ತಾಗಿದೆ. ಬಾರ್ಲಿಗೆ ಎರಡೂವರೆ ಪಟ್ಟು ನೀರು ಸಾಲಲಿಲ್ಲ, ಮೂರು ಪಟ್ಟು ಹಾಕಿ ಒಂದು ಗಂಟೆ ಮೊದಲೇ ನೆನೆಸಿದಾಗ ಸರಿಯಾಯಿತು. ಮೈಕ್ರೋವೇವ್ ಅಳತೆಯನ್ನು ಎರಡು ಸಲ ಮಾಡಿದೆ: 800 ವ್ಯಾಟ್ ಎಂದು ಬರೆದಿದ್ದರೂ ನೀರು ಏರಿದ್ದು 8 ಡಿಗ್ರಿ, ಅಂದರೆ 560 ವ್ಯಾಟ್. ಪುಸ್ತಿಕೆಯ ಸಮಯಕ್ಕೆ ಮೂರನೇ ಒಂದು ಭಾಗದಷ್ಟು ಸೇರಿಸಿದ ಮೇಲೆ ತರಕಾರಿ ಹದವಾಗಿ ಬೇಯುತ್ತಿದೆ.

ಏರ್ ಫ್ರೈಯರನ್ನು ಒಬ್ಬರೇ ಇರುವ ಸ್ನೇಹಿತರೊಬ್ಬರಿಗೆ ಕೊಟ್ಟೆ, ನಮ್ಮ ಮನೆಯವರೆಲ್ಲರಿಗೆ ಅದರಲ್ಲಿ ನಾಲ್ಕು ಸಲ ಮಾಡಬೇಕಾಗುತ್ತಿತ್ತು. ಮಿಕ್ಸಿಯ ಚಿಕ್ಕ ಜಾರನ್ನು ತಲೆಕೆಳಗು ಮಾಡಿ ಬಿಳಿ ಬಟ್ಟೆಯಿಂದ ಒರೆಸಿದಾಗ ಕಪ್ಪು ಗುರುತು ಬಂತು. ಹೊಸ ಬುಷ್ ಹಾಕಿಸಲು ಕೊಟ್ಟಿದ್ದೇನೆ. ಅದು ಬರುವವರೆಗೆ ಅರೆಯುವ ಕೆಲಸವನ್ನೆಲ್ಲ ಹ್ಯಾಂಡ್ ಬ್ಲೆಂಡರ್ ಮಾಡುತ್ತಿದೆ.