3 ಟಿಬಿ ಹಾರ್ಡ್ ಡಿಸ್ಕ್ ಆನ್ ಆಗುತ್ತಿಲ್ಲ, 2018ಕ್ಕೆ ಮುಂಚಿನ ಫೋಟೋ ಎಲ್ಲಾ ಅದರಲ್ಲೇ ಇವೆ

ತೋಟದಮನೆ · ಸೋಮವಾರ ರಾತ್ರಿ 10:40

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆನ್ ಆಗುತ್ತಿಲ್ಲ. ಶುಕ್ರವಾರದವರೆಗೆ ಚೆನ್ನಾಗಿಯೇ ಇತ್ತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಬದಲಿಸಿದೆ, ಊಹೂಂ. ಮಡಿಕೇರಿಯಲ್ಲಿ ಒಂದು ಅಂಗಡಿಗೆ ತೋರಿಸಿದೆ. ಎರಡು ನಿಮಿಷ ಕೈಯಲ್ಲಿ ತಿರುಗಿಸಿ ನೋಡಿ "ಹೋಯ್ತು ಸರ್, ಹೊಸದು ತಗೊಳ್ಳಿ" ಅಂದರು. ಹೊಸದು ತಗೊಳ್ಳೋಕೆ ನನಗೂ ಬರುತ್ತದೆ. ಒಳಗಿರುವುದು ಬೇಕು.

ನಮ್ಮದು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಹಳೇ ಮನೆ, ಗದ್ದೆ, ಎರಡು ಎಕರೆ ತೋಟ ಎಲ್ಲಾ ಹೋಯಿತು. ಅದಕ್ಕೆ ಮುಂಚಿನ ಫೋಟೋ, ನಮ್ಮ ಸುಗ್ಗಿ ಹಬ್ಬ ಪುತ್ತರಿಯ ವಿಡಿಯೊ ಇರುವುದು ಇದೊಂದರಲ್ಲೇ. ಬ್ಯಾಕಪ್ ಯಾಕೆ ಇಟ್ಟಿಲ್ಲ ಅಂತ ಮಾತ್ರ ಯಾರೂ ಕೇಳಬೇಡಿ.

ಮಳೆಮಾಪಕ · ರಾತ್ರಿ 10:52

ಶೀತ. ನೂರಕ್ಕೆ ನೂರು ಶೀತ. ನಿಮ್ಮ ಕಡೆ ಬಿಸಿಲು ಕಂಡು ಎಷ್ಟು ದಿನ ಆಯ್ತು? ನಮ್ಮಲ್ಲಿ ನಿನ್ನೆ ಒಂದೇ ದಿನ 5 ಇಂಚು. ನನ್ನ ಕ್ಯಾಮೆರಾ ಲೆನ್ಸ್‌ಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಹಾರ್ಡ್ ಡಿಸ್ಕನ್ನು ಬಿಡುತ್ತದಾ? ಅಕ್ಕಿ ಡಬ್ಬದಲ್ಲಿ ನಾಲ್ಕು ದಿನ ಹೂತಿಡಿ.

ಪೆಂಗ್ವಿನ್ ಸೋಮವಾರಪೇಟೆ · ರಾತ್ರಿ 11:15

ಅಕ್ಕಿ ಬೇಡ, ಅನ್ನಕ್ಕೆ ಇರಲಿ.

ಲೈಟ್ ಬರುತ್ತದಾ? ತಿರುಗುವ ಸದ್ದು ಇದೆಯಾ? ಟಕ್ ಟಕ್ ಅನ್ನುತ್ತದಾ? ಟಕ್ ಟಕ್ ಅಂದರೆ ಈಗಲೇ ಆಫ್ ಮಾಡಿಬಿಡಿ, ಮತ್ತೆ ಮತ್ತೆ ಹಾಕಿ ನೋಡಬೇಡಿ. ತಿರುಗುತ್ತಿದ್ದರೆ ಡಿಡಿರೆಸ್ಕ್ಯೂ ಅನ್ನುವ ಲಿನಕ್ಸ್ ಪ್ರೋಗ್ರಾಂನಲ್ಲಿ ಮೊದಲು ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾ ನಕಲು, ತೆಗೆಯಿರಿ. ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಅದು ರಿಪೇರಿ ಅಂತ ಅದೇ ಡಿಸ್ಕ್ ಮೇಲೆ ಬರೆಯುತ್ತದೆ.

ತೋಟದಮನೆ · ರಾತ್ರಿ 11:31

ಲೈಟ್ ಇಲ್ಲ, ಸದ್ದೂ ಇಲ್ಲ. ಮಾಮೂಲಿ ಕಪ್ಪು ಡಬ್ಬ.

ಏಲಕ್ಕಿಗೊನೆ · ಮಂಗಳವಾರ ಬೆಳಿಗ್ಗೆ 6:20

ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ನನ್ನ ಭಾವನಿಗೆ 2006ರಲ್ಲಿ ಕೆಲಸ ಮಾಡಿತ್ತು.

ಬೆಸುಗೆ · ಬೆಳಿಗ್ಗೆ 7:05

ಅದು ಆ ಕಾಲದ ಡಿಸ್ಕ್. ಈಗಿನದರಲ್ಲಿ ಓದುವ ಹೆಡ್ಡಿಗೂ ತಿರುಗುವ ತಟ್ಟೆಗೂ (ಪ್ಲಾಟರ್) ನಡುವೆ ಕೆಲವೇ ನ್ಯಾನೊಮೀಟರ್ ಜಾಗ. ಫ್ರೀಜರ್‌ನಿಂದ ತೆಗೆದು ಈ ಮಳೆಗಾಲದ ಗಾಳಿಗೆ ಇಟ್ಟರೆ ಒಳಗೇ ನೀರು ಹನಿಯುತ್ತದೆ. ಮಾಡಬೇಡಿ.

ತೋಟದಮನೆಯವರೇ, ಕರೆಂಟ್ ಅಡಾಪ್ಟರ್ ಇರುವ ದೊಡ್ಡ ಡಬ್ಬವಾ, ಯುಎಸ್‌ಬಿಯಲ್ಲೇ ಓಡುವ ಚಿಕ್ಕದಾ?

ಮಳೆಮಾಪಕ · ಬೆಳಿಗ್ಗೆ 7:30

ನೀರು ಹನಿಯುತ್ತದೆ ಅಂತ ನೀವೇ ಒಪ್ಪಿದಿರಿ. ನಾನು ಹೇಳಿದ್ದೂ ಅದನ್ನೇ ಅಲ್ವಾ? ಡಿಸ್ಕಿನ ಮೇಲೆ ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ ಮುಚ್ಚಬೇಡಿ ಅಂತ ಬರೆದಿರುತ್ತಾರೆ. ಶೀತ ಒಳಗೆ ಹೋಗುವುದೇ ಅಲ್ಲಿಂದ.

ಬೆಸುಗೆ · ಬೆಳಿಗ್ಗೆ 7:41

ಆ ತೂತಿಗೆ ಒಳಗಡೆ ಫಿಲ್ಟರ್ ಇರುತ್ತದೆ. ಗಾಳಿಯ ಒತ್ತಡ ಸಮ ಮಾಡೋಕೆ ಇರುವುದು. ಶೀತಕ್ಕೆ ಡಿಸ್ಕ್ ಹಾಳಾಗೋದಾದರೆ ಭಾಗಮಂಡಲದಲ್ಲಿ ಒಂದು ಕಂಪ್ಯೂಟರೂ ಉಳಿಯುತ್ತಿರಲಿಲ್ಲ.

ಮಳೆಮಾಪಕ · ಬೆಳಿಗ್ಗೆ 7:44

ಭಾಗಮಂಡಲಕ್ಕಿಂತ ಶಾಂತಳ್ಳಿ ಮಳೆ ಏನು ಕಮ್ಮಿ ಇಲ್ಲ. ಒಮ್ಮೆ ಬಂದು ನೋಡಿ.

ಕುಶಾಲನಗರದ ಕರಿಮೆಣಸು · ಬೆಳಿಗ್ಗೆ 9:10

ಇದಕ್ಕೇ ನಾನು ನಾಲ್ಕು ಡಿಸ್ಕಿನ ನ್ಯಾಸ್ (ಮನೆ ನೆಟ್‌ವರ್ಕಿಗೆ ಹಾಕುವ ಡಿಸ್ಕ್ ಪೆಟ್ಟಿಗೆ) ಹಾಕಿಸಿದ್ದು. ನಾಲ್ಕನ್ನೂ ಒಟ್ಟಿಗೆ ಜೋಡಿಸುವ ರೇಡ್ 5. ಒಂದು ಡಿಸ್ಕ್ ಹೋದರೂ ತಲೆಬಿಸಿ ಇಲ್ಲ. ಮೇಲೆ ಸೋಲಾರ್, ಕೆಳಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್. ಮಳೆಗಾಲದಲ್ಲೂ ಆಫ್ ಆಗಿದ್ದೇ ಇಲ್ಲ.

ಪೆಂಗ್ವಿನ್ ಸೋಮವಾರಪೇಟೆ · ಬೆಳಿಗ್ಗೆ 9:22

ಕುಶಾಲನಗರದಲ್ಲಿ ಮಳೆ ಎಲ್ಲಿದೆ ಸ್ವಾಮಿ. ರೇಡ್ ಅಂದರೆ ಬ್ಯಾಕಪ್ ಅಲ್ಲ. ಸಿಡಿಲು ಹೊಡೆದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ.

ಕುಶಾಲನಗರದ ಕರಿಮೆಣಸು · ಬೆಳಿಗ್ಗೆ 9:25

ನನ್ನದು ಅರ್ಥಿಂಗ್ ಮಾಡಿಸಿದ್ದು. ಇದ್ದಿಲು, ಉಪ್ಪು ಹಾಕಿ ಎಂಟು ಅಡಿ ಗುಂಡಿ.

ತೋಟದಮನೆ · ಮಧ್ಯಾಹ್ನ 1:15

ನಿಮ್ಮ ಗುಂಡಿ ವಿಚಾರ ಆಮೇಲೆ ಮಾತಾಡೋಣ. ಅಡಾಪ್ಟರ್ ಇರುವ ದೊಡ್ಡ ಡಬ್ಬ. ಇವತ್ತು ಅದನ್ನು ಬಿಚ್ಚಿ ಒಳಗಿನ ಡಿಸ್ಕ್ ತೆಗೆದೆ. ತಮ್ಮನ ಹತ್ತಿರ ಸಾಟಾ ಡಾಕ್ (ಬರೀ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸ್ಟ್ಯಾಂಡ್) ಇತ್ತು. ಡಿಸ್ಕ್ ಇಟ್ಟ ತಕ್ಷಣ ಡಾಕಿನ ಲೈಟೇ ಆರಿಹೋಯಿತು. ತೆಗೆದರೆ ಮತ್ತೆ ಹತ್ತುತ್ತದೆ. ಡಾಕ್ ಕೂಡ ಹೋಯಿತಾ?

ಬೆಸುಗೆ · ಮಧ್ಯಾಹ್ನ 1:28

ಡಾಕ್ ಚೆನ್ನಾಗಿದೆ. ನಿಮ್ಮ ಡಿಸ್ಕ್ ಶಾರ್ಟ್ ಆಗಿದೆ, ಅದಕ್ಕೆ ಡಾಕ್ ಕೈಕಟ್ಟಿ ಕೂತಿದೆ. ಒಂದು ಪ್ರಶ್ನೆ, ನಿಜ ಹೇಳಿ. ಶುಕ್ರವಾರ ಏನಾಯಿತು? ಅಡಾಪ್ಟರ್ ಯಾವುದು ಹಾಕಿದ್ದಿರಿ?

ತೋಟದಮನೆ · ಮಧ್ಯಾಹ್ನ 1:50

ಶುಕ್ರವಾರ ಸಂಜೆ ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಡಿಸ್ಕಿನ ಅಡಾಪ್ಟರ್ ಸುಟ್ಟಿತು. ಮನೆಯಲ್ಲಿ ಹಳೇ ಲ್ಯಾಪ್‌ಟಾಪಿನ ಅಡಾಪ್ಟರ್ ಇತ್ತು, ಪಿನ್ ಸರಿಯಾಗಿ ಕೂತಿತು, ಹಾಕಿದೆ. ಒಂದು ಸಲ ಟಿಕ್ ಅಂದಿತು. ಅಷ್ಟೇ.

ಬೆಸುಗೆ · ಮಧ್ಯಾಹ್ನ 1:53

ಅಯ್ಯೋ ಮಾರಾಯ್ರೆ. ಇದನ್ನು ಮೊದಲನೇ ದಿನವೇ ಹೇಳಬಾರದಿತ್ತಾ!

ನಿಮ್ಮ ಡಿಸ್ಕಿಗೆ ಬೇಕಿದ್ದದ್ದು 12 ವೋಲ್ಟ್. ಲ್ಯಾಪ್‌ಟಾಪ್ ಅಡಾಪ್ಟರ್ 19 ವೋಲ್ಟ್. ಪಿನ್ ಕೂರುವುದಕ್ಕೂ ವೋಲ್ಟೇಜಿಗೂ ಸಂಬಂಧ ಇಲ್ಲ. ಆದರೆ ಇದು ಒಳ್ಳೆಯ ಸುದ್ದಿಯೂ ಹೌದು. ಡಿಸ್ಕಿನ ಹಸಿರು ಬೋರ್ಡ್ ಬಿಚ್ಚಿ, ತಿರುಗಿಸಿ ನೋಡಿ. ಪವರ್ ಕನೆಕ್ಟರ್ ಹತ್ತಿರ ಕರಿಮೆಣಸಿನ ಕಾಳಿನಷ್ಟು ದೊಡ್ಡ ಎರಡು ಕಪ್ಪು ತುಂಡು ಇರುತ್ತವೆ. ಟಿವಿಎಸ್ ಡಯೋಡ್. ಒಂದು 5 ವೋಲ್ಟಿಗೆ, ಇನ್ನೊಂದು 12ಕ್ಕೆ. ವೋಲ್ಟೇಜ್ ಜಾಸ್ತಿ ಬಂದರೆ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುವುದು ಅದರ ಕೆಲಸ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಎರಡೂ ತುದಿ ಮುಟ್ಟಿಸಿ. 12ರದ್ದು ಬೀಪ್ ಅಂದರೆ ಅದನ್ನು ಬೆಸುಗೆ ಬಿಡಿಸಿ ತೆಗೆದರೆ ಸಾಕು. ಆಮೇಲೆ ಆ ಡಿಸ್ಕಿಗೆ ಕಾವಲು ಇರುವುದಿಲ್ಲ. ಸರಿಯಾದ 12 ವೋಲ್ಟ್ ಬಿಟ್ಟು ಬೇರೇನೂ ಕೊಡಬೇಡಿ.

ಏಲಕ್ಕಿಗೊನೆ · ಮಧ್ಯಾಹ್ನ 2:10

ಅದರ ಬದಲು ಅದೇ ಮಾಡೆಲ್ ಬೋರ್ಡ್ ಆನ್‌ಲೈನ್‌ನಲ್ಲಿ ತರಿಸಿ ಹಾಕಿದರೆ ಆಗುವುದಿಲ್ಲವಾ?

ಬೆಸುಗೆ · ಮಧ್ಯಾಹ್ನ 2:14

ಆಗುವುದಿಲ್ಲ. ಬೋರ್ಡಿನ ರೋಮ್ (ROM) ಚಿಪ್‌ನಲ್ಲಿ ಆ ಒಂದು ಡಿಸ್ಕಿಗೇ ಮಾಡಿದ ಅಳತೆಗಳು ಇರುತ್ತವೆ. ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಕೂರಿಸಬೇಕು.

ತೋಟದಮನೆ · ಬುಧವಾರ ರಾತ್ರಿ 8:05

ತಿರುಗಿತು!! ಗೋಣಿಕೊಪ್ಪದಲ್ಲಿ ಟಿವಿ ರಿಪೇರಿ ಮಾಡುವ ಹುಡುಗನ ಹತ್ತಿರ ತೆಗೆಸಿದೆ. ಐದು ನಿಮಿಷದ ಕೆಲಸ. ಡಾಕಿಗೆ ಹಾಕಿದರೆ ಝುಂಯ್ ಅಂತ ಸದ್ದು. ಆದರೆ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕು" ಅನ್ನುತ್ತಿದೆ. ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಲಾ?

ಪೆಂಗ್ವಿನ್ ಸೋಮವಾರಪೇಟೆ · ರಾತ್ರಿ 8:06

ಬೇಡ ಬೇಡ ಬೇಡ. ಕ್ಯಾನ್ಸಲ್ ಒತ್ತಿ. ಕೈ ತೆಗೆಯಿರಿ.

ಮಳೆಮಾಪಕ · ರಾತ್ರಿ 8:15

ಫೈಲ್ ಸಿಸ್ಟಮ್ಮಿಗೂ ಶೀತ ಹಿಡಿದಿರಬೇಕು ;)

ಏಲಕ್ಕಿಗೊನೆ · ರಾತ್ರಿ 8:20

ಫೋಟೋರೆಕ್ ಓಡಿಸಿ ಮುಗಿಸಿ.

ಪೆಂಗ್ವಿನ್ ಸೋಮವಾರಪೇಟೆ · ರಾತ್ರಿ 8:48

ಫೋಟೋರೆಕ್ ಕೊನೆಗೆ. ಅದು ಫೋಟೋ ತಂದುಕೊಡುತ್ತದೆ, ಆದರೆ ಹೆಸರು, ಫೋಲ್ಡರ್ ಯಾವುದೂ ಇರುವುದಿಲ್ಲ. ಹತ್ತು ವರ್ಷದ ಫೋಟೋ ಒಂದೇ ರಾಶಿ.

ನನಗೆ ಅನಿಸುವುದು ಹಾಳಾಗಿಲ್ಲ, ವಿಂಡೋಸಿಗೆ ಓದಲು ಬರುತ್ತಿಲ್ಲ ಅಷ್ಟೇ. 2 ಟಿಬಿಗಿಂತ ದೊಡ್ಡ ಹಳೇ ಡಬ್ಬಗಳಲ್ಲಿ ಒಂದು ಚಾಲಾಕಿ ಇತ್ತು. ಡಿಸ್ಕಿನ ಯಾವ ಭಾಗ ಎಲ್ಲಿದೆ ಅಂತ ಬರೆದಿಡುವ ಹಳೇ ಪಾರ್ಟಿಷನ್ ಪಟ್ಟಿ, 512 ಬೈಟಿನ ಸೆಕ್ಟರ್ (ಡಿಸ್ಕ್ ಡೇಟಾ ಇಡುವ ಸಣ್ಣ ತುಂಡು) ಲೆಕ್ಕದಲ್ಲಿ 2.2 ಟಿಬಿ ದಾಟುವುದಿಲ್ಲ. ಅದಕ್ಕೆ ಡಬ್ಬದ ಬೋರ್ಡ್ ಮಧ್ಯೆ ಕೂತು ಸೆಕ್ಟರ್ 4096 ಬೈಟ್ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುತ್ತಿತ್ತು. ಈಗ ಡಿಸ್ಕ್ ಡಬ್ಬದಿಂದ ಆಚೆ ಬಂದಿದೆ, ಸುಳ್ಳು ಹೇಳುವವರಿಲ್ಲ, ಲೆಕ್ಕ ತಪ್ಪಿದೆ. ಕೆಲವು ಡಬ್ಬದ ಬೋರ್ಡ್ ಡೇಟಾವನ್ನು ಎನ್‌ಕ್ರಿಪ್ಟ್ ಕೂಡ ಮಾಡುತ್ತದೆ. ಹಾಗಾಗಿ ಸುಟ್ಟ ಬೋರ್ಡ್ ಎಸೆಯಬೇಡಿ.

ಮೊದಲು 4 ಟಿಬಿ ಡಿಸ್ಕ್ ತನ್ನಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂನಲ್ಲಿ ಇಮೇಜ್ ತೆಗೆಯಿರಿ. ಮ್ಯಾಪ್ ಫೈಲ್ ಕೊಡುವುದು ಮರೆಯಬೇಡಿ. ಮ್ಯಾಪ್ ಫೈಲೂ ಹೊಸ ಡಿಸ್ಕ್ ಮೇಲೇ ಇರಲಿ. ಆಮೇಲೆ ಇಮೇಜನ್ನು ಲೋಸೆಟಪ್‌ನಲ್ಲಿ (ಇಮೇಜ್ ಫೈಲನ್ನು ಡಿಸ್ಕಿನ ಹಾಗೆ ತೋರಿಸುವ ಲಿನಕ್ಸ್ ಕಮಾಂಡ್) ಹಾಕಿ, ಸೆಕ್ಟರ್ ಸೈಜ್ 4096, ರೀಡ್ ಓನ್ಲಿ.

ತೋಟದಮನೆ · ಶನಿವಾರ ಬೆಳಿಗ್ಗೆ 11:30

ಡಾಕ್ ಹಳೇದು, ಯುಎಸ್‌ಬಿ 2. ಒಂದು ದಿನ ಹಿಡಿಯಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಜೀವ ಬಾಯಿಗೆ ಬಂತು. ಮತ್ತೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದಲೇ ಶುರು ಮಾಡಿತು. ಮ್ಯಾಪ್ ಫೈಲ್ ಯಾಕೆ ಅಂತ ಆಗ ಗೊತ್ತಾಯಿತು.

ಕುಶಾಲನಗರದ ಕರಿಮೆಣಸು · ಬೆಳಿಗ್ಗೆ 11:42

ಇನ್ವರ್ಟರ್ ಎಷ್ಟು ವಿಎ? ಬ್ಯಾಟರಿ ಟ್ಯೂಬುಲರ್ ತಾನೆ?

ತೋಟದಮನೆ · ಮಧ್ಯಾಹ್ನ 3:20

ತೆರೆಯಿತು. ಫೋಲ್ಡರ್, ಹೆಸರು ಎಲ್ಲಾ ಇದ್ದ ಹಾಗೇ ಇವೆ. ಪೆಂಗ್ವಿನ್, ಬೆಸುಗೆ, ಇಬ್ಬರಿಗೂ ಈ ಸಲದ ಕಾಫಿಪುಡಿ ಕಳಿಸುತ್ತೇನೆ, ವಿಳಾಸ ಮೆಸೇಜ್ ಮಾಡಿ.

ಮೊದಲು ತೆರೆದದ್ದು 2016ರ ಪುತ್ತರಿ. ಅಪ್ಪ ಕದಿರು ಹಿಡಿದು ಗದ್ದೆಯಿಂದ ಮೇಲೆ ಬರುತ್ತಿದ್ದಾರೆ. ಹಿಂದೆ ಟಾರ್ಚು, "ಪೊಲಿ ಪೊಲಿ ದೇವಾ" ಅನ್ನುವ ಕೂಗು. ಕೊಟ್ಟಿಗೆಯ ಮೂಲೆಯಲ್ಲಿ ನನ್ನ ಕೆಂಪು ಸೈಕಲ್. ಅದು ಅಲ್ಲಿತ್ತು ಅನ್ನುವುದೇ ಮರೆತುಹೋಗಿತ್ತು. ವಿಡಿಯೊ 11ನೇ ನಿಮಿಷಕ್ಕೆ ನಿಲ್ಲುತ್ತದೆ. ಅಪ್ಪ ಮೆಟ್ಟಿಲು ಹತ್ತಿ ಬಾಗಿಲಿಗೆ ಬರುವಷ್ಟರಲ್ಲಿ ಚೌಕ ಚೌಕ. ಆ ಜಾಗದಲ್ಲಿ ಓದಲಾಗದ ಬ್ಯಾಡ್ ಸೆಕ್ಟರ್ ಇವೆ ಅಂತ ಮ್ಯಾಪ್ ಫೈಲ್ ತೋರಿಸುತ್ತಿದೆ.

ಪೆಂಗ್ವಿನ್ ಸೋಮವಾರಪೇಟೆ · ಮಧ್ಯಾಹ್ನ 3:41

ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಬ್ಯಾಡ್ ಸೆಕ್ಟರ್‌ಗಳಿಗೆ ಮಾತ್ರ ಮೂರು ಸಲ ರೀಟ್ರೈ ಕೊಡಿ. ಆಮೇಲೆ ರಿವರ್ಸ್‌ನಲ್ಲೂ ಒಂದು ಸಲ. ಸ್ವಲ್ಪ ಬರಬಹುದು. ಈಗಲೇ ಬೇಡ. ಮೊದಲು ಇರುವುದನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ.

ಮಳೆಮಾಪಕ · ಸಂಜೆ 5:02

ಒಳ್ಳೆಯದಾಯಿತು. ಹೊಸ ಡಿಸ್ಕಿನ ಡಬ್ಬದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಇವತ್ತು ನಮ್ಮಲ್ಲಿ 4 ಇಂಚು, ಇನ್ನೂ ಹೊಡೆಯುತ್ತಿದೆ.